ಸೈನ್ಸ್ ಟೀಚರ್ ತಕ್ಕಡಿ ಹತ್ತಿದ್ದು

ದ್ರವ್ಯರಾಶಿ, ಗಾತ್ರ, ಸಾಂದ್ರತೆಯ ಪಾಠ ಬಂದಾಗಲೆಲ್ಲ ನನ್ನ ಮರ್ಯಾದೆ ಹೋಗುತ್ತದೆ. ಆ ಪಾಠ ಪ್ರತಿ ವರ್ಷವೂ ಬರುತ್ತದೆ.

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಒಂದು ಸರ್ಕಾರಿ ಹೈಸ್ಕೂಲಿದೆ. ಅಲ್ಲಿ ಒಂಬತ್ತನೇ ಕ್ಲಾಸಿಗೆ ನಾನು ಸೈನ್ಸ್ ಟೀಚರ್. ಮೈಕಟ್ಟಿನಲ್ಲಿ ದೇವರು ನನಗೆ ಸ್ವಲ್ಪ ಧಾರಾಳವಾಗಿಯೇ ಕೊಟ್ಟಿದ್ದಾನೆ. ಸ್ವಲ್ಪ ಅಂದರೆ ಎಷ್ಟು ಎಂದು ಮಾತ್ರ ಕೇಳಬೇಡಿ. ಆ ಸಂಖ್ಯೆ ನನ್ನ ಗಂಡನಿಗೂ ಗೊತ್ತಿರಲಿಲ್ಲ. ಆಸ್ಪತ್ರೆಗೆ ಹೋದರೆ, "ನೋಡಿ ಬರಕೋರಿ, ಬಾಯಿಬಿಟ್ಟು ಹೇಳಬ್ಯಾಡ್ರಿ" ಎಂದು ನರ್ಸಮ್ಮನಿಗೆ ಮೊದಲೇ ಕೈಮುಗಿಯುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಬಣ್ಣದ ದೀಪ ಮಿನುಗಿಸುವ ತೂಕದ ಮಷಿನ್ ಇದೆಯಲ್ಲ, ಅದರ ಮುಂದೆ ಹಾಯುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತೇನೆ. ಇಂಥವಳ ತಲೆಗೇ, ಕೈಗೆ ಸಿಕ್ಕಿದ್ದನ್ನೆಲ್ಲ ತೂಗಿ ನೋಡು ಎನ್ನುವ ಪಾಠ ಕಟ್ಟಿದ್ದಾರೆ. ಪ್ರತಿ ವರ್ಷ ಏನಾದರೊಂದು ಆಗುತ್ತಲೇ ಇರುತ್ತದೆ. ಈ ಸಲ ಆದದ್ದು ಮಾತ್ರ ಹಿಂದಿನದನ್ನೆಲ್ಲ ನಿವಾಳಿಸಿ ಎಸೆಯುವಂಥದ್ದು.

ಚಂದ್ರನ ಮೇಲೆ ಹೋದಾಗ

ನಮ್ಮ ಕ್ಲಾಸಿನಲ್ಲಿ ಒಂದು ಪದ್ಧತಿ ಇದೆ. ಸರಿ ಉತ್ತರ ಹೇಳಿದವರಿಗೆ ಇಡೀ ಕ್ಲಾಸು ತಾಳ ಹಾಕಿ ಚಪ್ಪಾಳೆ ತಟ್ಟಬೇಕು. ತಪ್ಪು ಉತ್ತರ ಹೇಳಿದರೆ ಯಾರೂ ನಗಬಾರದು, ತಪ್ಪು ಎಲ್ಲಿದೆ ಎಂದು ನಾನು ಆಗಿಂದಾಗಲೇ ಹೇಳಬೇಕು. ತಪ್ಪು ಉತ್ತರ ಕೇಳಿ "ಇರ್ಲಿ ಬಿಡು" ಅನ್ನುವುದು ನನ್ನಿಂದ ಆಗದ ಕೆಲಸ. ಮದುವೆ ಮನೆಯಲ್ಲಿ ಯಾರೋ ತಪ್ಪು ಲೆಕ್ಕ ಹೇಳಿದರೂ ನನ್ನ ಬಾಯಿ ತುರಿಸುತ್ತದೆ.

ದ್ರವ್ಯರಾಶಿಯ ಪಾಠದ ದಿನ ಹೆಡ್‌ಮಾಸ್ತರರ ರೂಮಿನಿಂದ ತೂಕದ ಮಷಿನ್ ತರಿಸಿದ್ದೆ. ಮಕ್ಕಳೆಲ್ಲ ಸಾಲಾಗಿ ಹತ್ತಿ ಇಳಿದರು. ಎಲ್ಲರದೂ ಮುಗಿದ ಮೇಲೆ ಕ್ಲಾಸ್ ಲೀಡರ್ ಮಷಿನ್ನನ್ನು ಕಾಲಿನಿಂದ ನನ್ನ ಕಡೆ ಸರಿಸಿ, "ಟೀಚರ್, ಈಗ ನೀವು ಹತ್ರಿ" ಅಂದ.

"ನನ್ನ ತೂಕ ಚಂದ್ರನ ಮ್ಯಾಲೆ ಆರರಾಗ ಒಂದ್ ಪಾಲು ಆಗತೈತಿ. ಅಲ್ಲಿ ಹೋದಾಗ ಹೇಳ್ತೀನಿ" ಎಂದು ಜಾಣತನ ಮಾಡಿದೆ.

"ತೂಕ ಕಮ್ಮಿ ಆಗತೈತಿ, ಆದ್ರ ದ್ರವ್ಯರಾಶಿ ಅಲ್ಲೂ ಅಷ್ಟ ಇರತೈತಿ ಅಂತ ಈಗ ನೀವ ಹೇಳಿದ್ರಲ್ರಿ ಟೀಚರ್. ನಾವು ಅದನ್ನ ಕೇಳಾಕ ಹತ್ತೀವಿ."

ಸರಿ ಉತ್ತರ. ಕ್ಲಾಸು ತಾಳ ಹಾಕಿ ಚಪ್ಪಾಳೆ ತಟ್ಟಿತು. ನಾನು ಮಷಿನ್ನನ್ನು ಗೋಡೆಗೆ ಆನಿಸಿಟ್ಟು ಬೋರ್ಡ್ ಒರೆಸತೊಡಗಿದೆ.

ಆಗ ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ ಬಂತು. ಅಲ್ಲೊಬ್ಬ ಹುಡುಗಿ ಕೂರುತ್ತಾಳೆ. ಅವಳ ಅಪ್ಪ ಅವ್ವ ಬೆಲ್ಲದ ಗಾಣದಲ್ಲಿ ಕೆಲಸ ಮಾಡುತ್ತಾರೆ. ಆ ಹುಡುಗಿ ಕ್ಲಾಸಿನಲ್ಲಿ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಹಾಜರಿ ಕೂಗಿದರೂ ಕೈ ಎತ್ತುತ್ತಿದ್ದಳೇ ಹೊರತು ಮಾತಿಲ್ಲ. ಅಂಥವಳು ಎದ್ದು ನಿಂತು ಮೊದಲ ಸಲ ಕೇಳಿದ ಪ್ರಶ್ನೆ ಇದು: "ಹಂಗಾದ್ರ ನಿಮ್ದು ಎಷ್ಟ್ರಿ ಟೀಚರ್?"

ಬೈಯಲು ಮನಸ್ಸು ಬರಲಿಲ್ಲ. ಬೈದರೆ ಮತ್ತೆ ಬಾಯಿ ಬಿಡುವುದಿಲ್ಲ ಎಂದು ಹೆದರಿ, "ಸೂತ್ರ ಕಲಿಸ್ತೀನಲ್ಲವಾ, ಕಲ್ತ ಮ್ಯಾಲೆ ನೀನ ಲೆಕ್ಕ ಹಾಕಿ ಕಂಡ್‌ಹಿಡಿ" ಅಂದೆ. ಅವಳು ತಲೆಯಾಡಿಸಿ ಕೂತಳು. ಆ ಹೋಮ್‌ವರ್ಕನ್ನು ನಾನು ಅಲ್ಲೇ ಮರೆತೆ, ಅವಳು ಮರೆಯಲಿಲ್ಲ.

ಸಂಡೂರಿನ ಕಲ್ಲು

ಆಕಾರವಿಲ್ಲದ ವಸ್ತುವಿನ ಗಾತ್ರ ಕಂಡುಹಿಡಿಯುವುದು ಹೇಗೆ? ಅಳತೆ ಜಾಡಿಗೆ ನೀರು ಹಾಕಿ, ವಸ್ತುವನ್ನು ಒಳಗೆ ಬಿಟ್ಟು, ನೀರು ಎಷ್ಟು ಏರಿತು ಎಂದು ನೋಡಬೇಕು. ಮಕ್ಕಳಿಗೆ ಕಲ್ಲು ತರಲು ಹೇಳಿದ್ದೆ. ಕ್ಲಾಸ್ ಲೀಡರನ ಮಾವ ಸಂಡೂರಿನಿಂದ ಅದಿರು ಹೊಡೆಯುವ ಲಾರಿಯ ಡ್ರೈವರ್. ಇವನು ಅದೇ ಲಾರಿಯಿಂದ ಕೆಂಪಗಿನ ಅದಿರಿನ ಗಡ್ಡೆಯೊಂದನ್ನು ತಂದಿದ್ದ.

"ವಸ್ತುವನ್ನು ಎತ್ತರದಿಂದ ಬಿಡಬಾರದು. ಜಾಡಿಯನ್ನು ಓರೆ ಮಾಡಿ ಮೆಲ್ಲಗೆ ಜಾರಿಸಬೇಕು" ಎಂದು ನಾನೇ ಬರೆಸಿದೆ. ಎರಡು ಸಲ ಓದಿಸಿದೆ. ಅಷ್ಟರಲ್ಲಿ ಹೆಡ್‌ಮಾಸ್ತರರು ಬಾಗಿಲಲ್ಲಿ ಬಂದು ನಿಂತರು. ಅವರು ನಿಂತರೆ ನನ್ನ ಕೈ ಬೆವರುತ್ತದೆ. ಬೆವರಿದ ಕೈಯಿಂದ ಅದಿರು ಜಾರಿ ಸೀದಾ ಜಾಡಿಯೊಳಗೆ ಬಿತ್ತು. ಶಾಲೆಗೆ ಇದ್ದದ್ದು ಒಂದೇ ಗಾಜಿನ ಜಾಡಿ, ಅದರ ತಳ ಕಿತ್ತು ಹೋಯಿತು. ನೀರು ಮೇಜಿನಿಂದ ಇಳಿದು ಹೆಡ್‌ಮಾಸ್ತರರ ಹೊಸ ಬೂಟಿನೊಳಗೆ ಸೇರಿತು.

ಯಾರೂ ನಗಲಿಲ್ಲ. ನಗಬಾರದೆಂದು ನಾನೇ ಕಲಿಸಿದ್ದೆನಲ್ಲ. ಕ್ಲಾಸ್ ಲೀಡರ್ ಮಾತ್ರ ಪೆನ್ನು ಹಿಡಿದು ಭಯಭಕ್ತಿಯಿಂದ ಕೇಳಿದ: "ಟೀಚರ್, ಗಾತ್ರ ಎಷ್ಟಂತ ಬರೀಲ್ರಿ? ಜಾಡಿ ನೋಡಿ ಬರೀಲೋ, ಸರ್ ಅವರ ಬೂಟು ನೋಡಿ ಬರೀಲೋ?"

ಕರಗಿದ ಗಾತ್ರ

ಆಮೇಲೆ ನನ್ನ ದುಡ್ಡಿನಲ್ಲೇ ಒಂದು ಪ್ಲಾಸ್ಟಿಕ್ ಜಾಡಿ ತಂದೆ. ಈ ಸಲ ಮನೆಯಲ್ಲಿ ಸಿಗುವ ಯಾವುದಾದರೂ ವಸ್ತು ತರಲು ಹೇಳಿದ್ದೆ. ಒಬ್ಬ ಗೋಲಿ ತಂದ, ಒಬ್ಬಳು ಬೀಗದ ಕೈ ತಂದಳು. ಹಿಂದಿನ ಬೆಂಚಿನ ಹುಡುಗಿ ಮಾತಿಲ್ಲದೆ ಬಂದು ಪೇಪರಿನಲ್ಲಿ ಸುತ್ತಿದ್ದ ಬೆಲ್ಲದ ತುಂಡನ್ನು ಮೇಜಿನ ಮೇಲಿಟ್ಟಳು.

ಹುಡುಗಿ ತಾನಾಗಿ ಮುಂದೆ ಬಂದಳಲ್ಲ ಎಂಬ ಸಂತೋಷದಲ್ಲಿ ನಾನು ಯೋಚನೆಯನ್ನೇ ಮಾಡಲಿಲ್ಲ. ಬೆಲ್ಲವನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ದ್ರವ್ಯರಾಶಿ ಬರೆಸಿ, ನೀರಿನೊಳಗೆ ಜಾರಿಸಿದೆ. ಈ ಸಲ ಮೆಲ್ಲಗೆ, ಓರೆ ಮಾಡಿಯೇ ಜಾರಿಸಿದೆ. ನೀರು ಏರಿತು. "ನೋಡ್ರಿ, ಎಷ್ಟಕ್ಕ ಬಂತು?" ಎಂದು ಒಬ್ಬೊಬ್ಬರನ್ನೇ ಕರೆದು ತೋರಿಸಿದೆ. ಮೊದಲು ಬಂದವನು ಒಂದು ಹೇಳಿದ, ನಡುವೆ ಬಂದವಳು ಇನ್ನೊಂದು ಹೇಳಿದಳು, ಕೊನೆಯವರು ಬರುವಷ್ಟರಲ್ಲಿ ತುಂಡು ಅರ್ಧವಾಗಿತ್ತು. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು.

ಬೆಲ್ಲ ನೀರಿನಲ್ಲಿ ಕರಗುತ್ತದೆ ಎಂಬುದು ನಮ್ಮೂರಿನ ಕೂಸಿಗೂ ಗೊತ್ತು, ಬಿಎಸ್‌ಸಿ ಬಿಎಡ್ ಮಾಡಿದ ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. "ಕರಗೋ ವಸ್ತುವಿಗೆ ನೀರು ನಡಿಯಂಗಿಲ್ಲ, ಎಣ್ಣಿ ಬೇಕು. ಎಣ್ಣ್ಯಾಗ ಬೆಲ್ಲ ಕರಗಂಗಿಲ್ಲ" ಎಂದು, ಮೊದಲಿನಿಂದಲೂ ಇದನ್ನೇ ಹೇಳಬೇಕೆಂದಿದ್ದವಳ ಹಾಗೆ ಹೇಳಿದೆ. ಯಾರೂ ನಂಬಲಿಲ್ಲ.

ಆ ಹುಡುಗಿ ಸಂಜೆ ಬಂದು ಜಾಡಿಯ ಕಡೆಗೂ ಸ್ಪ್ರಿಂಗ್ ತಕ್ಕಡಿಯ ಕಡೆಗೂ ಬೆರಳು ತೋರಿಸಿದಳು. ಮನೆಗೆ ಒಯ್ಯಲೇ ಎಂದು ಅದರ ಅರ್ಥ. ಕೊಟ್ಟೆ. ಮರುದಿನ ಜಾಡಿ ವಾಪಸು ಬಂದಾಗ ಒಳಗೆಲ್ಲ ಶೇಂಗಾ ಎಣ್ಣೆಯ ಜಿಡ್ಡು. "ತೊಳೆದು ತರಬಾರ್ದೇನವಾ?" ಎಂದು ಗದರಿದೆನೇ ಹೊರತು, ಅವಳಿಗೆ ಉತ್ತರ ಎಷ್ಟು ಬಂತೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಅಂದಹಾಗೆ, ಕ್ಲಾಸಿನ ಪ್ರಯೋಗದ ಫಲಿತಾಂಶವನ್ನು ಮಕ್ಕಳು ನಿಂಬೆಹಣ್ಣು ಹಿಂಡಿಕೊಂಡು ಕುಡಿದರು.

ಹಂಪಿಯ ತೆಪ್ಪ

ತೇಲುವುದು, ಮುಳುಗುವುದನ್ನು ಕಣ್ಣಾರೆ ತೋರಿಸೋಣವೆಂದು ಹಂಪಿಗೆ ಕರೆದುಕೊಂಡು ಹೋದೆವು. ವಿಠ್ಠಲ ದೇವಸ್ಥಾನದ ಹತ್ತಿರ ಕಲ್ಲಿನ ತುಲಾಭಾರದ ಕಮಾನು ಇದೆ. ರಾಜರು ಅಲ್ಲಿ ತಕ್ಕಡಿ ಕಟ್ಟಿ, ತಮ್ಮ ತೂಕದಷ್ಟು ಬಂಗಾರ ದಾನ ಮಾಡುತ್ತಿದ್ದರು ಎಂದು ಹೇಳುತ್ತಾರೆ. ಅದನ್ನೇ ನಾನೂ ಹೇಳಿದೆ.

"ಎಲ್ಲಾರ ಮುಂದ ಕುಂದ್ರತಿದ್ರೇನ್ರಿ ರಾಜರು?" ಎಂದು ಕ್ಲಾಸ್ ಲೀಡರ್ ಕೇಳಿದ.

"ಹೌದಪ್ಪ."

"ನಾಚಿಕಿ ಆಗತಿದ್ದಿಲ್ಲೇನ್ರಿ ಅವರಿಗೆ?" ಎಂದು ಅವನು ನನ್ನನ್ನೇ ನೋಡಿದ. ನಾನು ಎಲ್ಲರನ್ನೂ ಹೊಳೆಯ ಕಡೆ ಹೊರಡಿಸಿದೆ.

ಹೊಳೆಯಲ್ಲಿ ತೆಪ್ಪ ನಿಂತಿತ್ತು, ಬುಟ್ಟಿಯಂಥ ದುಂಡನೆಯ ತೆಪ್ಪ. ತೆಪ್ಪದವನು ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟ. ನನಗೆ ಕೊಟ್ಟದ್ದರ ಎರಡು ಪಟ್ಟಿಗಳು ಒಂದನ್ನೊಂದು ಮುಟ್ಟಲು ಒಪ್ಪಲಿಲ್ಲ. ಅವನು ಎಳೆದ, ನಾನು ಉಸಿರು ಬಿಗಿಹಿಡಿದೆ, ಮಕ್ಕಳು "ಇನ್ನ ಚೂರು, ಇನ್ನ ಚೂರು" ಎಂದು ಹುರುಪು ಕೊಟ್ಟರು. ಕಡೆಗೆ ಅವನು ತನ್ನ ಹೆಗಲ ಮೇಲಿನ ಟವೆಲ್ಲನ್ನೇ ನಡುವೆ ಸೇರಿಸಿ ಗಂಟು ಹಾಕಿದ.

ನಾನು ಒಂದು ಅಂಚಿಗೆ ಕೂತೆ. ತೆಪ್ಪ ಆ ಕಡೆ ವಾಲಿತು. ಅವನು ಮಕ್ಕಳಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಎದುರು ಅಂಚಿಗೆ ಕಳಿಸುತ್ತ ಹೋದ. ಕಡೆಗೆ ಇಡೀ ಗುಂಪು ಆ ಕಡೆ, ನಾನೊಬ್ಬಳೇ ಈ ಕಡೆ. ಆಗ ತೆಪ್ಪ ಮಟ್ಟವಾಯಿತು. ಇದ್ದ ನಾಚಿಕೆಯನ್ನು ಮುಚ್ಚಿಕೊಳ್ಳಲು ನಾನು ದೊಡ್ಡ ದನಿಯಲ್ಲಿ ಪಾಠ ಶುರು ಮಾಡಿದೆ. ಸರಾಸರಿ ಸಾಂದ್ರತೆ ನೀರಿಗಿಂತ ಕಡಿಮೆ ಇರುವ ತನಕ ತೆಪ್ಪ ತೇಲುತ್ತದೆ, ಹೆಚ್ಚಾದರೆ ಮುಳುಗುತ್ತದೆ ಎಂದು ಕೈ ಬೀಸಿ ಬೀಸಿ ವಿವರಿಸಿದೆ.

ತೆಪ್ಪದವನು ಹುಟ್ಟು ನಿಲ್ಲಿಸಿ ಕೈಮುಗಿದ. "ಟೀಚರಮ್ಮಾರ, ಪಾಠ ಎಷ್ಟರ ಹೇಳ್ರಿ. ಕೈ ಮಾತ್ರ ಅಲ್ಲಾಡಿಸಬ್ಯಾಡ್ರಿ. ನನಗ ಸಣ್ಣ ಸಣ್ಣ ಮಕ್ಕಳದಾವು."

ನೀಲಿ ಡ್ರಮ್ಮು

ಹಂಪಿಯಿಂದ ಬಂದ ಮೇಲೆ ಮಕ್ಕಳ ತಲೆಯಲ್ಲಿ ಒಂದೇ ಪ್ರಶ್ನೆ ಉಳಿಯಿತು, ಮನುಷ್ಯನ ಗಾತ್ರ ಅಳೆಯುವುದು ಹೇಗೆ ಎಂದು. ಇದು ನನಗೆ ಹಿಡಿಸಿತು. ದ್ರವ್ಯರಾಶಿ ಹೇಳಲು ನಾಚಿಕೆ, ಆದರೆ ಗಾತ್ರವನ್ನು ಲೀಟರಿನಲ್ಲಿ ಹೇಳಿದರೆ ಯಾರಿಗೆ ಏನು ತಿಳಿಯುತ್ತದೆ? ನನ್ನದನ್ನೇ ಅಳೆದು ಹೇಳಿಬಿಟ್ಟರೆ ಮಕ್ಕಳ ಬಾಯಿಯೂ ಮುಚ್ಚುತ್ತದೆ ಅಂದುಕೊಂಡೆ.

ಹೊಸಪೇಟೆಯ ನಮ್ಮ ಮನೆಯಲ್ಲಿ, ನಳ ಬಾರದ ದಿನಕ್ಕೆಂದು ಹಿತ್ತಿಲಲ್ಲಿ ಒಂದು ನೀಲಿ ಡ್ರಮ್ಮು ಇಟ್ಟಿದ್ದೇವೆ. ಭಾನುವಾರ ಗಂಡ ಫ್ಯಾಕ್ಟರಿ ಶಿಫ್ಟಿಗೆ ಹೋದ ಮೇಲೆ ಅದನ್ನು ಕಂಠಮಟ್ಟ ತುಂಬಿ, ಚೆಲ್ಲಿದ ನೀರು ಹಿಡಿಯಲು ಕೆಳಗೆ ಅಗಲವಾದ ಟಬ್ಬು ಇಟ್ಟು, ಹಳೆಯ ನೈಟಿಯಲ್ಲಿ ಸ್ಟೂಲ್ ಹತ್ತಿ ಒಳಗೆ ಇಳಿದೆ. ಮೊಣಕಾಲು ಮಡಚಿ ಕೂತೆ. ನೀರು ಧಬಧಬ ಹೊರಗೆ ಹೋಯಿತು. ಪ್ರಯೋಗ ಅಲ್ಲಿಯ ತನಕ ಚೆನ್ನಾಗಿಯೇ ನಡೆಯಿತು. ಏಳಲು ಹೋದಾಗ ಮೊಣಕಾಲು ಡ್ರಮ್ಮಿನ ಮೈಗೆ ಸಿಕ್ಕಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ.

ಅದೇ ಹೊತ್ತಿಗೆ ಕಂಪ್ಲಿಯಿಂದ ನಮ್ಮ ಅತ್ತೆ ಬಂದರು. ಮನೆಯೆಲ್ಲ ಹುಡುಕಿ ಹಿತ್ತಿಲಿಗೆ ಬಂದವರು, ಡ್ರಮ್ಮಿನ ಮೇಲೆ ನನ್ನ ತಲೆಯೊಂದೇ ಕಾಣುವುದನ್ನು ನೋಡಿ ಕೈಯಲ್ಲಿದ್ದ ರೊಟ್ಟಿಯ ಗಂಟನ್ನು ಕೆಳಗೆ ಬಿಟ್ಟರು.

"ಯವ್ವಾ! ಇದರಾಗ ಯಾಕ ಕುಂತೀ?"

"ನನ್ನ ಗಾತ್ರ ಎಷ್ಟೈತಿ ಅಂತ ನೋಡಾಕ್ರಿ ಅತ್ತಿ."

"ಮನ್ಯಾಗ ಕನ್ನಡಿ ಇದ್ದಿದ್ದಿಲ್ಲೇನ?"

ಅವರು ಎಳೆದರು, ಆಗಲಿಲ್ಲ. ಪಕ್ಕದ ಮನೆಯಾಕೆಯನ್ನು ಕೂಗಿ ಕರೆದರು. ಇಬ್ಬರೂ ಸೇರಿ ಎಳೆದರು, ಆಗಲಿಲ್ಲ. ಅತ್ತೆ ಹೆದರಿಬಿಟ್ಟರು. ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ ಮನೆದೇವರಿಗೆ ಮೊರೆಯಿಟ್ಟರು: "ವೀರಭದ್ರಪ್ಪಾ, ನನ್ನ ಸೊಸಿನ್ನ ಈ ಡ್ರಮ್ಮಿನಾಗಿಂದ ಹೊರಗ ತಗಿಯಪ್ಪಾ. ಅಕಿ ತೂಕದಷ್ಟು ಬೆಲ್ಲ ನಿನಗ ಕೊಡ್ತೀನಿ!"

ಮೊಣಕಾಲಿನ ನೋವೆಲ್ಲ ನನಗೆ ಮರೆತೇ ಹೋಯಿತು. "ಅತ್ತಿ! ಬ್ಯಾರೆ ಏನರ ಹರಕಿ ಹೊರ್ರಿ! ಬ್ಯಾರೆ ಏನರ!" ಎಂದು ಡ್ರಮ್ಮಿನೊಳಗಿಂದ ಕಿರುಚಿದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಡ್ರಮ್ಮನ್ನೇ ನೆಲಕ್ಕೆ ಉರುಳಿಸಿದಳು. ನೀರಿನ ಜೊತೆಗೆ ನಾನೂ ಸಲೀಸಾಗಿ ಜಾರಿ ಹೊರಗೆ ಬಂದೆ. ದೇವರು ಅತ್ತೆಯ ಮಾತನ್ನು ಕೇಳಿಸಿಕೊಂಡಿದ್ದ, ನನ್ನದನ್ನು ಕೇಳಿಸಿಕೊಂಡಿರಲಿಲ್ಲ.

ತಕ್ಕಡಿ

ಹರಕೆ ತೀರಿಸಲೇಬೇಕು ಎಂದು ಅತ್ತೆ ಹಟ ಹಿಡಿದರು. ನಾನು ನಿದ್ದೆಗೆಟ್ಟು ಯೋಚಿಸಿ, ಕಡೆಗೆ ಒಪ್ಪಿಕೊಂಡೆ. ಒಪ್ಪಲು ಕಾರಣ ಭೌತಶಾಸ್ತ್ರವೇ. ತುಲಾಭಾರದ ತಕ್ಕಡಿಯಲ್ಲಿ ಅಂಕಿ ಇರುವುದಿಲ್ಲ, ಮುಳ್ಳು ಇರುವುದಿಲ್ಲ. ಒಂದು ಕಡೆ ನಾನು, ಒಂದು ಕಡೆ ಬೆಲ್ಲ, ಎರಡೂ ಸಮ ಎಂದಷ್ಟೇ ಅದು ಹೇಳುತ್ತದೆ. ಬೆಲ್ಲವನ್ನು ಆಮೇಲೆ ಪ್ರಸಾದವಾಗಿ ಹಂಚಿಬಿಡುತ್ತಾರೆ. ಸಂಖ್ಯೆ ಜನರ ಹೊಟ್ಟೆಗೆ ಹೋಗುತ್ತದೆ, ಬಾಯಿಗೆ ಬರುವುದಿಲ್ಲ ಎಂದು ಧೈರ್ಯ ತಂದುಕೊಂಡೆ.

ಶ್ರಾವಣದ ಒಂದು ಸೋಮವಾರ ಗೊತ್ತಾಯಿತು. ನನಗೆ ರಜೆ ಕೊಡಿ ಎಂದು ಅತ್ತೆಯೇ ಹೆಡ್‌ಮಾಸ್ತರರಿಗೆ ಫೋನ್ ಮಾಡಿ, ಡ್ರಮ್ಮಿನಿಂದ ಹಿಡಿದು ಬೆಲ್ಲದ ತನಕ ಎಲ್ಲವನ್ನೂ ಹೇಳಿದ್ದಾರೆ. ಕಂಪ್ಲಿಯ ಗುಡಿಯಲ್ಲಿ ನಾನು ತಲೆಬಗ್ಗಿಸಿ ತಕ್ಕಡಿಯ ಹಲಗೆಯ ಮೇಲೆ ಕೂರುವ ಹೊತ್ತಿಗೆ ಹೊರಗೆ ಒಂದು ಟೆಂಪೋ ನಿಂತಿತು. ಅದರಿಂದ ಹೆಡ್‌ಮಾಸ್ತರರು ಇಳಿದರು, ಹಿಂದೆಯೇ ನನ್ನ ಇಡೀ ಒಂಬತ್ತನೇ ಕ್ಲಾಸು ಇಳಿಯಿತು.

"ಮೇಡಮ್ನೋರ, ಇದಕ್ಕಿಂತ ಚೊಲೋ ಪ್ರಾಕ್ಟಿಕಲ್ ಎಲ್ಲಿ ಸಿಗತೈತ್ರಿ?" ಅಂದರು ಹೆಡ್‌ಮಾಸ್ತರರು. ಆ ಬೂಟಿನ ಸೇಡು ಇರಬೇಕು.

ಬೆಲ್ಲದ ಅಚ್ಚುಗಳನ್ನು ಏರಿಸತೊಡಗಿದರು. ಇಟ್ಟಿಗೆಯಂಥ ಅಚ್ಚುಗಳು, ಎಲ್ಲವೂ ಒಂದೇ ಅಳತೆಯವು. ಒಂದೊಂದು ಇಟ್ಟಾಗಲೂ ನನ್ನ ಮಕ್ಕಳು ಒಕ್ಕೊರಲಿನಿಂದ ಎಣಿಸಿದರು. ನನ್ನ ಹಲಗೆ ನೆಲ ಬಿಡಲಿಲ್ಲ. ಅತ್ತೆ ಕಣ್ಣಳತೆಯಲ್ಲಿ ತರಿಸಿದ್ದ ಬೆಲ್ಲ ಮುಗಿಯಿತು. "ಅಂಗಡಿಗೆ ಹೋಗ್ರಿ, ಇನ್ನಷ್ಟು ತರ್ರಿ" ಎಂದು ಪೂಜಾರಪ್ಪ ಕೂಗಿದರು. ಜನ ಸೇರಿದರು. ಯಾರೋ ಒಬ್ಬರು ನನ್ನ ಹಲಗೆ ಕೆಳಗೆ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಬಗ್ಗಿ ನೋಡಿದರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು, ಆದರೆ ನೆಲಕ್ಕೂ ಅಷ್ಟು ಶಕ್ತಿ ಬೇಕಲ್ಲ.

ಅಂಗಡಿಯಿಂದ ಅದೇ ಅಳತೆಯ ಅಚ್ಚುಗಳು ಬಂದವು, ಮಕ್ಕಳ ಎಣಿಕೆಯ ಜೊತೆಗೇ ಏರಿದವು. ಹಲಗೆ ಅಲ್ಲಾಡಿತು, ಆದರೆ ಏಳಲಿಲ್ಲ. ಕಡೆಗೆ ಅತ್ತೆ, ದೇವರಿಗೆಂದು ತಂದಿದ್ದ ಇಡೀ ಬಾಳೆಗೊನೆಯನ್ನು ಬೆಲ್ಲದ ಮೇಲಿಟ್ಟರು. ನನ್ನ ಹಲಗೆ ಮೆಲ್ಲಗೆ ಎದ್ದು ಸಮಕ್ಕೆ ನಿಂತಿತು. ಜನ ಜಯಕಾರ ಹಾಕಿದರು. ಮುಗಿಯಿತು, ಯಾರಿಗೂ ಏನೂ ತಿಳಿಯಲಿಲ್ಲ ಎಂದು ನಾನು ಉಸಿರು ಬಿಟ್ಟೆ.

ಆಗ ಹಿಂದಿನ ಬೆಂಚಿನ ಹುಡುಗಿ ಮುಂದೆ ಬಂದಳು. ಜಾಮಿಟ್ರಿ ಬಾಕ್ಸಿನಿಂದ ಸ್ಕೇಲ್ ತೆಗೆದು ಒಂದು ಅಚ್ಚಿನ ಉದ್ದ, ಅಗಲ, ಎತ್ತರ ಅಳೆದಳು. ಹೆಡ್‌ಮಾಸ್ತರರ ಜೇಬಿನಿಂದ ಚಾಕ್‌ಪೀಸ್ ಇಸಿದುಕೊಂಡು ಗುಡಿಯ ಕಲ್ಲುಹಾಸಿನ ಮೇಲೆ ಬರೆಯತೊಡಗಿದಳು. ಅಚ್ಚಿನ ಗಾತ್ರ. ಬೆಲ್ಲದ ಸಾಂದ್ರತೆ, ಅದನ್ನು ಅವಳು ಮನೆಯಲ್ಲಿ ಶೇಂಗಾ ಎಣ್ಣೆಯಲ್ಲಿ ಕಂಡುಹಿಡಿದಿದ್ದಳಲ್ಲ! ಎರಡನ್ನೂ ಗುಣಿಸಿದರೆ ಒಂದು ಅಚ್ಚಿನ ದ್ರವ್ಯರಾಶಿ. ಅದಕ್ಕೆ ಅಚ್ಚುಗಳ ಸಂಖ್ಯೆಯಿಂದ ಮತ್ತೆ ಗುಣಾಕಾರ. ನಾನು ಕಲಿಸಿದಂತೆಯೇ ಮೊದಲು ಸೂತ್ರ, ಆಮೇಲೆ ಬೆಲೆಗಳು, ಕೆಳಗೆ ಉತ್ತರ, ಉತ್ತರದ ಸುತ್ತ ಒಂದು ಚೌಕ.

ಹೆಡ್‌ಮಾಸ್ತರರು ಪೂಜಾರಪ್ಪನ ಮೈಕು ತಂದು ಅವಳ ಬಾಯಿಗೆ ಹಿಡಿದರು. ಹಾಜರಿಗೂ ಬಾಯಿ ಬಿಡದ ಹುಡುಗಿ ಗುಡಿಯ ನಾಲ್ಕೂ ಸ್ಪೀಕರಿನಲ್ಲಿ ಗಟ್ಟಿಯಾಗಿ ಉತ್ತರ ಓದಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಸರಿ ಐತ್ರೀ ಟೀಚರ್?"

ಉತ್ತರ ತಪ್ಪಿತ್ತು. ಅವಳು ಬಾಳೆಗೊನೆಯನ್ನು ಕೂಡಿಸಿರಲಿಲ್ಲ.

"ಸರಿ ಐತಿ" ಎಂದು ಒಂದು ಮಾತು ಹೇಳಿದ್ದರೆ ಕಂಪ್ಲಿಯಲ್ಲಿ ಶಾಶ್ವತವಾಗಿ ಆ ಕಡಿಮೆ ಸಂಖ್ಯೆಯೇ ಉಳಿಯುತ್ತಿತ್ತು. ಒಂದು ಗೊನೆಯಷ್ಟು ಮರ್ಯಾದೆ ಉಳಿದರೂ ಸಾಕು ಎನ್ನುವ ಪರಿಸ್ಥಿತಿ ನನ್ನದು. ಆದರೆ ಅವಳು ಬಾಯಿಬಿಟ್ಟು ಹೇಳಿದ ಮೊದಲ ಉತ್ತರ ಅದು. ಬೆರಳಿಗೆ ಚಾಕಿನ ಪುಡಿ ಮೆತ್ತಿಕೊಂಡು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ತಪ್ಪನ್ನು ಸರಿ ಎಂದು ಹೇಳಿ ಅವಳನ್ನು ಮನೆಗೆ ಕಳಿಸುವುದು ನನ್ನಿಂದ ಆಗಲಿಲ್ಲ.

"ತಪ್ಪು" ಅಂದೆ. ಹೆಡ್‌ಮಾಸ್ತರರು ಮೈಕನ್ನು ನನ್ನ ಬಾಯಿಗೆ ತಂದಿದ್ದರು, ಅದೂ ನಾಲ್ಕೂ ಸ್ಪೀಕರಿನಲ್ಲಿ ಕೇಳಿಸಿತು. "ಬಾಳಿಗೊನಿ ಬಿಟ್ಟಿದ್ದಿ ನೋಡವಾ. ಅದನ್ನೂ ಕೂಡಿಸ್ಬೇಕು."

"ಗೊನಿ ತೂಕ ನನಗ ಗೊತ್ತೈತಿ! ಅಂಗಡ್ಯಾಗ ತೂಗಿಸೇ ತಂದೀನಿ" ಎಂದು ಅತ್ತೆ ಸಂಭ್ರಮದಿಂದ ಮುಂದೆ ಬಂದು ಹೇಳಿದರು. ಹುಡುಗಿ ಕೂತು ಕೂಡಿಸಿದಳು. ಹಳೆಯ ಚೌಕ ಅಳಿಸಿ ಹೊಸ ಚೌಕ ಹಾಕಿದಳು. ಎದ್ದು ನಿಂತು, ಮೊದಲಿಗಿಂತ ಗಟ್ಟಿಯಾಗಿ ಹೊಸ ಸಂಖ್ಯೆ ಓದಿದಳು.

"ಈಗ ಸರಿ ಐತ್ರೀ ಟೀಚರ್?"

"ಸರಿ ಐತವಾ" ಅಂದೆ. ಕಣ್ಣಲ್ಲಿ ನೀರು ಬಂತು. ನಾಚಿಕೆಗೋ ಸಂತೋಷಕ್ಕೋ ನನಗೇ ತಿಳಿಯಲಿಲ್ಲ.

ನನ್ನ ಕ್ಲಾಸು ಪದ್ಧತಿಯಂತೆ ತಾಳ ಹಾಕಿ ಚಪ್ಪಾಳೆ ತಟ್ಟಿತು. ಅದನ್ನು ನೋಡಿ ಹೆಡ್‌ಮಾಸ್ತರರು ತಟ್ಟಿದರು, ಪೂಜಾರಪ್ಪ ತಟ್ಟಿದರು, ಅತ್ತೆ ತಟ್ಟಿದರು, ಗುಡಿಯಲ್ಲಿ ಸೇರಿದ್ದ ಜನವೆಲ್ಲ ತಟ್ಟಿದರು. ತಕ್ಕಡಿಯಲ್ಲಿ ತೂಗಾಡುತ್ತ ನಾನೂ ತಟ್ಟಿದೆ.

ಆ ಸಂಖ್ಯೆಯನ್ನು ನಾನಿಲ್ಲಿ ಬರೆಯುವುದಿಲ್ಲ. ತಿಳಿಯಲೇಬೇಕು ಎನ್ನುವವರು ಕಂಪ್ಲಿಗೆ ಹೋಗಿ ಯಾರನ್ನಾದರೂ ಕೇಳಿ. ಗೊನೆ ಕೂಡಿಸಿಯೇ ಹೇಳುತ್ತಾರೆ.